ಲಾಂಗ್‌ಫರ್ಡ್‌ನ ಆರ್ಚರ್ ಎಸ್ಟೇಟುಗಳು: ಮೊದಲು ಕಣಜ ನೋಡಿ, ಬಂಗಲೆ ಆಮೇಲೆ

ಆಸ್ಟ್ರೇಲಿಯಾದ ದ್ವೀಪ ರಾಜ್ಯ ಟ್ಯಾಸ್ಮೇನಿಯಾಕ್ಕೆ ಹೋಗುವ ನಮ್ಮವರ ಪ್ಲ್ಯಾನ್ ಹೆಚ್ಚು ಕಡಿಮೆ ಒಂದೇ ಥರ. ಕ್ರೇಡಲ್ ಮೌಂಟನ್, ವೈನ್‌ಗ್ಲಾಸ್ ಬೇ, ಹೋಬಾರ್ಟ್. ಸಮಯ ಉಳಿದರೆ ಪೋರ್ಟ್ ಆರ್ಥರ್. ಲಾನ್ಸೆಸ್ಟನ್‌ನಲ್ಲಿ ವಿಮಾನ ಇಳಿದು, ಕಾರು ಹಿಡಿದು, ದಕ್ಷಿಣಕ್ಕೆ ಓಡಿಸುತ್ತಾ ಹೋಗುವಾಗ ಎರಡೂ ಕಡೆ ಹುಲ್ಲುಗಾವಲು, ಮುಳ್ಳುಬೇಲಿ, ಕುರಿ ಹಿಂಡು ಕಾಣುತ್ತವೆ. ಕಿಟಕಿಯಿಂದಲೇ ನಾಲ್ಕು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತೇವೆ. ಆ ಬಯಲಿಗೇ ಒಂದು ಇಡೀ ದಿನ ಇಡಿ ಅನ್ನುವುದು ನನ್ನ ಸಲಹೆ. ಆಸ್ಟ್ರೇಲಿಯಾದ ಕುರಿ, ಉಣ್ಣೆ, ದೊಡ್ಡ ದೊಡ್ಡ ಎಸ್ಟೇಟು ಎಲ್ಲ ಹೇಗೆ ಶುರುವಾಯಿತು ಅಂತ ಗೊತ್ತಾಗಬೇಕಾದರೆ ಇದಕ್ಕಿಂತ ಸುಲಭವಾಗಿ ತಲುಪುವ ಜಾಗ ನನಗೆ ಸಿಕ್ಕಿಲ್ಲ. ಲಾನ್ಸೆಸ್ಟನ್ ವಿಮಾನ ನಿಲ್ದಾಣದಿಂದ ಲಾಂಗ್‌ಫರ್ಡ್ ಊರಿಗೆ ಕಾರಿನಲ್ಲಿ ಕಾಲು ಗಂಟೆ ಅಷ್ಟೇ.

ಲಾಂಗ್‌ಫರ್ಡ್ ಪಕ್ಕದಲ್ಲಿ ಎರಡು ಎಸ್ಟೇಟುಗಳಿವೆ, ವುಲ್ಮರ್ಸ್ ಮತ್ತು ಬ್ರಿಕೆಂಡನ್. ಎರಡನ್ನೂ ಕಟ್ಟಿದ್ದು ಆರ್ಚರ್ ಎಂಬ ಇಂಗ್ಲಿಷ್ ಕುಟುಂಬದ ಸಹೋದರರು. ನಡುವೆ ಮಕ್ವಾರಿ ನದಿ ಹರಿಯುತ್ತದೆ. 2010ರಲ್ಲಿ ಯುನೆಸ್ಕೊ ಆಸ್ಟ್ರೇಲಿಯಾದ 11 ಕೈದಿ ತಾಣಗಳನ್ನು ಒಟ್ಟಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಈ ಎರಡು ಎಸ್ಟೇಟುಗಳು ಸೇರಿ ಒಂದು ತಾಣ. ಪೋರ್ಟ್ ಆರ್ಥರ್ ಕೂಡ ಅದೇ ಪಟ್ಟಿಯಲ್ಲಿದೆ, ಆದರೆ ಅದು ಜೈಲು. ಇಲ್ಲಿ ಕಾಣಿಸುವುದು ಜೈಲಲ್ಲ, ಹೊಲ, ಕೊಟ್ಟಿಗೆ, ಅಡುಗೆಮನೆ. ಬ್ರಿಟನ್ನಿನಿಂದ ಹಡಗಿನಲ್ಲಿ ಬಂದ ಬಹಳಷ್ಟು ಕೈದಿಗಳು ಕಲ್ಲು ಗೋಡೆಯೊಳಗೆ ಕೂರಲಿಲ್ಲ. ಇಂಥ ಎಸ್ಟೇಟುಗಳಲ್ಲಿ ಗೇಯ್ದರು.

ಜಾಸ್ತಿ ಜನ ಮಾಡುವುದು ಹೀಗೆ: ಸೀದಾ ವುಲ್ಮರ್ಸ್‌ಗೆ ಹೋಗಿ ಬಂಗಲೆಯ ಟೂರ್ ಮಾಡಿ, ಗುಲಾಬಿ ತೋಟ ನೋಡಿ, ಕಾಫಿ ಕುಡಿದು, ಬ್ರಿಕೆಂಡನ್‌ಗೆ ಟೈಮ್ ಇಲ್ಲ ಅಂತ ಹೊರಟುಬಿಡುತ್ತಾರೆ. ನೀವು ತಿರುಗಿಸಿ ಮಾಡಿ. ಬೆಳಿಗ್ಗೆ ಬ್ರಿಕೆಂಡನ್, ಮಧ್ಯಾಹ್ನ ವುಲ್ಮರ್ಸ್. ಬಂಗಲೆಯ ಮೇಜು, ಬೆಳ್ಳಿ, ಪಿಂಗಾಣಿ ನೋಡುವ ಮೊದಲು ಅದನ್ನೆಲ್ಲ ತಂದುಕೊಟ್ಟ ದುಡಿಮೆ ಎಲ್ಲಿ ನಡೆಯಿತು ಅಂತ ಕಣ್ಣಿಗೆ ಬಿದ್ದಿರಬೇಕು. ಇಲ್ಲದಿದ್ದರೆ ವುಲ್ಮರ್ಸ್ ಸುಮ್ನೆ ಇನ್ನೊಂದು ಶ್ರೀಮಂತರ ಮನೆ ಆಗಿಬಿಡುತ್ತದೆ.

ಹೋಗುವ ದಾರಿ ಮೊದಲು ಹೇಳಿಬಿಡುತ್ತೇನೆ. ಮೆಲ್ಬರ್ನ್‌ನಿಂದ ಲಾನ್ಸೆಸ್ಟನ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಸಾಮಾನು, ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಇದ್ದರೆ ಜಿಲಾಂಗ್‌ನಿಂದ ಡೆವನ್‌ಪೋರ್ಟ್‌ಗೆ ಹೋಗುವ ಹಡಗೂ ಒಳ್ಳೆಯದೇ, ಸ್ವಂತ ಕಾರನ್ನೇ ಹತ್ತಿಸಿಕೊಂಡು ಹೋಗಬಹುದು. ಡೆವನ್‌ಪೋರ್ಟ್‌ನಿಂದ ಲಾಂಗ್‌ಫರ್ಡ್ ಒಂದು ಗಂಟೆ ದಾರಿ. ಹೋಬಾರ್ಟ್ ಕಡೆಯಿಂದ ಬಂದರೆ ಎರಡು ಗಂಟೆ ಹಿಡಿಯಿರಿ. ಕಾರಿಲ್ಲದೆ ಈ ಪ್ರವಾಸ ಆಗುವುದಿಲ್ಲ. ಊರಿನ ತನಕ ಬಸ್ಸು ಸಿಕ್ಕಿದರೂ ಎಸ್ಟೇಟಿನ ಬಾಗಿಲಿಗೆ ಯಾವುದೂ ಹೋಗುವುದಿಲ್ಲ.

ನಮ್ಮವರಿಗೆ ಅಂತಲೇ ಒಂದು ಎಚ್ಚರಿಕೆ. ಟ್ಯಾಸ್ಮೇನಿಯಾಕ್ಕೆ ಹಸಿ ಹಣ್ಣು, ತರಕಾರಿ, ಸೊಪ್ಪು ಒಯ್ಯುವ ಹಾಗಿಲ್ಲ. ಆಸ್ಟ್ರೇಲಿಯಾದ ಒಳಗಿನ ಪ್ರಯಾಣವೇ ತಾನೇ ಅಂತ ಚೀಲದಲ್ಲಿ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕರಿಬೇವು ಇಟ್ಟುಕೊಂಡರೆ ಇಳಿದ ತಕ್ಷಣ ತಪಾಸಣೆಯ ನಾಯಿ ಬಂದು ಚೀಲದ ಪಕ್ಕ ಕೂರುತ್ತದೆ. ಹಣ್ಣಿನ ನೊಣ ದ್ವೀಪಕ್ಕೆ ಬರದಿರಲಿ ಅಂತ ಇಷ್ಟು ಕಟ್ಟುನಿಟ್ಟು. ಅಮ್ಮ ಅಪ್ಪ ಹಾಸನದಿಂದ ಬಂದಿದ್ದಾಗ ನಾವು ಹೋಗಿದ್ದು. ಅಮ್ಮ ಕರಿಬೇವನ್ನು ಒಣಗಿಸಿ ಚಟ್ನಿಪುಡಿಯಲ್ಲೇ ಸೇರಿಸಿಬಿಟ್ಟಿದ್ದರು, ಅವರ ಮುಂದೆ ನಾಯಿಯ ಆಟ ನಡೆಯಲಿಲ್ಲ. ಒಣ ಚಟ್ನಿಪುಡಿ, ಚಪಾತಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ಇದ್ದರೆ ಮಧ್ಯಾಹ್ನದ ಊಟದ ಚಿಂತೆ ಇಲ್ಲ. ಲಾಂಗ್‌ಫರ್ಡ್‌ನಲ್ಲಿ ಬೇಕರಿ, ಕೆಫೆ ಇವೆ. ಸಸ್ಯಾಹಾರಿಗಳಿಗೆ ಒಂದು ಪೈ, ಒಂದು ಸ್ಯಾಂಡ್‌ವಿಚ್ ಸಿಗುತ್ತದೆ. ಅನ್ನ ಬೇಕು ಅನ್ನುವವರು ರಾತ್ರಿ ಲಾನ್ಸೆಸ್ಟನ್‌ಗೆ ವಾಪಸ್ ಹೋಗಬೇಕು.

ಈಗ ಕಥೆಗೆ ಬರೋಣ, ಇಷ್ಟು ಗೊತ್ತಿದ್ದರೆ ಅಲ್ಲಿನ ಕಟ್ಟಡಗಳು ಮಾತಾಡುತ್ತವೆ.

ಆಗ ಟ್ಯಾಸ್ಮೇನಿಯಾದ ಹೆಸರು ವ್ಯಾನ್ ಡೀಮನ್ಸ್ ಲ್ಯಾಂಡ್. ಲಾಂಗ್‌ಫರ್ಡ್ ಸುತ್ತಲಿನ ಬಯಲಿಗೆ ನಾರ್ಫೋಕ್ ಪ್ಲೇನ್ಸ್ ಅನ್ನುತ್ತಿದ್ದರು. ನಾರ್ಫೋಕ್ ದ್ವೀಪದ ವಸಾಹತನ್ನು ಖಾಲಿ ಮಾಡಿಸಿದ ಸರ್ಕಾರ ಅಲ್ಲಿನವರನ್ನು 1813ರ ಸುಮಾರಿಗೆ ಇಲ್ಲಿ ತಂದು ಕೂರಿಸಿದ್ದರಿಂದ ಆ ಹೆಸರು. ಅದೇ ವರ್ಷ ಥಾಮಸ್ ಆರ್ಚರ್ ಎಂಬ ಯುವಕ ಸಿಡ್ನಿಯಿಂದ ಇಲ್ಲಿಗೆ ಬಂದ. ಸರ್ಕಾರಿ ಉಗ್ರಾಣದ ಗುಮಾಸ್ತ ಅವನು. ಕೈದಿಗಳಿಗೆ, ಸೈನಿಕರಿಗೆ ಬೇಕಾದ ಮಾಂಸ, ಗೋಧಿ ಎಲ್ಲ ಆ ಉಗ್ರಾಣದ ಮೂಲಕವೇ ಹೋಗಬೇಕು. ಯಾವ ಜಮೀನು ಒಳ್ಳೆಯದು, ಯಾವುದಕ್ಕೆ ಬೆಲೆ ಇದೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆ ಕುರ್ಚಿ ಇನ್ನೊಂದಿಲ್ಲ. 1817ರಲ್ಲಿ ಮಕ್ವಾರಿ ನದಿಯ ದಂಡೆಯಲ್ಲಿ ಅವನಿಗೆ ಜಮೀನು ಮಂಜೂರಾಯಿತು. ಇಂಗ್ಲೆಂಡಿನ ತನ್ನೂರ ಕಡೆಯ ಹರ್ಟ್‌ಫರ್ಡ್‌ಶೈರ್‌ನ ಒಂದು ಜಾಗದ ಹೆಸರನ್ನೇ ಇಟ್ಟು ಅದನ್ನು ವುಲ್ಮರ್ಸ್ ಅಂದ. ಆಮೇಲೆ ಅವನ ಸಹೋದರರೂ ಒಬ್ಬೊಬ್ಬರಾಗಿ ಬಂದರು. ಜೋಸೆಫ್ ಪ್ಯಾನ್‌ಶ್ಯಾಂಗರ್ ಎಂಬ ಎಸ್ಟೇಟು ಕಟ್ಟಿದ, ವಿಲಿಯಂ 1824ರಲ್ಲಿ ಬ್ರಿಕೆಂಡನ್ ಶುರು ಮಾಡಿದ, ಎಡ್ವರ್ಡ್ ಲಾಂಗ್‌ಫರ್ಡ್‌ನಲ್ಲೇ ನಾರ್ತ್‌ಬರಿಯಲ್ಲಿ ನೆಲೆಸಿದ. ನೋಡುನೋಡುತ್ತಿದ್ದ ಹಾಗೆ ಈ ಬಯಲಿನ ಒಳ್ಳೊಳ್ಳೆ ನೆಲ ಒಂದೇ ಮನೆತನದ ಕೈಗೆ ಬಂತು.

ಇಷ್ಟು ಜಮೀನು ಹೇಗೆ ಸಿಕ್ಕಿತು? ಪುಕ್ಕಟೆ. 1820ರ ದಶಕದ ನಿಯಮ ಏನೆಂದರೆ, ಹೊಸದಾಗಿ ಬರುವವನು ತನ್ನ ಜೊತೆ ತಂದ ಪ್ರತಿ 500 ಪೌಂಡ್ ಬಂಡವಾಳಕ್ಕೆ 640 ಎಕರೆ, ಅಂದರೆ ಒಂದು ಚದರ ಮೈಲಿ. ಒಬ್ಬನಿಗೆ ಗರಿಷ್ಠ 2,560 ಎಕರೆ. ಹಣ ಕೊಡಬೇಕಾಗಿಲ್ಲ, ತೋರಿಸಿದರೆ ಸಾಕು. ಕೂಲಿಗೆ ಜನ ಬೇಕಲ್ಲ, ಅದಕ್ಕೂ ಸರ್ಕಾರವೇ ಏರ್ಪಾಡು ಮಾಡಿತ್ತು. ಹಡಗಿನಿಂದ ಇಳಿದ ಕೈದಿಗಳನ್ನು ಎಸ್ಟೇಟುಗಳಿಗೆ ಹಂಚುತ್ತಿತ್ತು. ಯಜಮಾನ ಊಟ, ಬಟ್ಟೆ, ಮಲಗಲು ಜಾಗ ಕೊಡಬೇಕು. ಸಂಬಳ ಇಲ್ಲ. ಜಮೀನು ಪುಕ್ಕಟೆ, ಆಳು ಪುಕ್ಕಟೆ, ಮಾಂಸ ಕೊಳ್ಳಲು ಸರ್ಕಾರಿ ಉಗ್ರಾಣ ಸಿದ್ಧ. ಆಮೇಲೆ ಇಂಗ್ಲೆಂಡಿನ ಗಿರಣಿಗಳಿಗೆ ಉಣ್ಣೆ ಬೇಕಾಯಿತು, ಕುರಿಯ ತಳಿ ಬದಲಾಯಿತು, ಮೆರಿನೊ ಬಂತು. ಹತ್ತಿಪ್ಪತ್ತು ವರ್ಷಕ್ಕೆ ಗುಮಾಸ್ತ ಜಹಗೀರುದಾರನಾದದ್ದರಲ್ಲಿ ಏನೂ ಪವಾಡವಿಲ್ಲ.

ಮತ್ತೊಂದು ವಿಚಾರ. ಇಂಗ್ಲೆಂಡಿನಲ್ಲಿ ಕುರಿ ಕದ್ದು ಸಿಕ್ಕಿಬಿದ್ದವರೂ ಈ ಕೈದಿಗಳಲ್ಲಿದ್ದರು. ಕದ್ದ ತಪ್ಪಿಗೆ ಭೂಮಿಯ ಇನ್ನೊಂದು ತುದಿಗೆ ಬಂದು ಬೇರೆಯವರ ಕುರಿ ಕಾಯುವ ಕೆಲಸ!

ಆ ನೆಲ ಖಾಲಿ ಏನೂ ಇರಲಿಲ್ಲ. ಈ ಬಯಲಿನಲ್ಲಿ ಕಾಂಗರೂ ಬೇಟೆಯಾಡುತ್ತಾ, ಹುಲ್ಲಿಗೆ ಕಾಲಕಾಲಕ್ಕೆ ಬೆಂಕಿ ಕೊಟ್ಟು ಹೊಸ ಚಿಗುರು ಬರಿಸುತ್ತಾ ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಬಾಳಿದ್ದರು. ಬಿಳಿಯರು ಬಂದು ನೋಡಿ ‘ಆಹಾ, ಕುರಿಗೆ ಹೇಳಿ ಮಾಡಿಸಿದ ಹುಲ್ಲು’ ಅಂದುಕೊಂಡದ್ದು ಆ ಬೆಂಕಿಯಿಂದ ಬೆಳೆದ ಹುಲ್ಲನ್ನೇ. 1820ರ ದಶಕದ ನಡುವಿನಿಂದ ಘರ್ಷಣೆ ಜೋರಾಯಿತು, ಅದಕ್ಕೆ ಬ್ಲ್ಯಾಕ್ ವಾರ್ ಅನ್ನುತ್ತಾರೆ. 1830ರಲ್ಲಿ ಗವರ್ನರ್ ಆರ್ಥರ್ ಮೂಲನಿವಾಸಿಗಳನ್ನು ಹಿಡಿಯಲು ಸುಮಾರು 2,200 ಜನರ ಸಾಲು ಕಟ್ಟಿಸಿದ. ಸೈನಿಕರು, ರೈತರು, ಕೈದಿಗಳು ಎಲ್ಲ ಸೇರಿ ವಾರಗಟ್ಟಲೆ ದ್ವೀಪವನ್ನು ಸೋಸುತ್ತಾ ನಡೆದರು. ಹಿಡಿದದ್ದು ಇಬ್ಬರನ್ನು. ಆದರೆ ಉಳಿದವರನ್ನು ಬೇರೆ ದಾರಿಯಲ್ಲಿ ಒಪ್ಪಿಸಿ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. 1847ರಲ್ಲಿ ಅಲ್ಲಿಂದ ವಾಪಸ್ ಕರೆತಂದಾಗ ಉಳಿದಿದ್ದವರು 47 ಜನ. ಹಾಗಂತ ಆ ಜನ ಮುಗಿದುಹೋದರು ಅಂತ ಅಲ್ಲ, ಅವರ ವಂಶದವರು ಇವತ್ತೂ ಟ್ಯಾಸ್ಮೇನಿಯಾದಲ್ಲಿದ್ದಾರೆ. ಟೂರ್‌ನಲ್ಲಿ ಗೈಡ್ ಈ ವಿಷಯ ತಾವಾಗಿ ಎತ್ತದಿದ್ದರೆ ನೀವೇ ಕೇಳಿ.

ಬ್ರಿಕೆಂಡನ್‌ಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಚೆನ್ನ. ಇದು ಈಗಲೂ ಬೇಸಾಯ ನಡೆಯುತ್ತಿರುವ ಜಾಗ, ಅದೇ ಮನೆತನದವರೇ ಏಳನೇ ತಲೆಮಾರಿನಲ್ಲೂ ಇಲ್ಲಿ ವಾಸ ಮಾಡುತ್ತಿದ್ದಾರೆ. ದೊಡ್ಡ ಮನೆ ಅವರ ಸ್ವಂತದ್ದು, ಒಳಗೆ ಬಿಡುವುದಿಲ್ಲ. ನೋಡಬೇಕಾದದ್ದು ಹಳೇ ತೋಟ ಮತ್ತು ಅದಕ್ಕಿಂತ ಮುಖ್ಯವಾಗಿ ಸ್ವಲ್ಪ ದೂರದಲ್ಲಿರುವ ಕಟ್ಟಡಗಳ ಗುಂಪು. ಅದನ್ನು ಫಾರ್ಮ್ ವಿಲೇಜ್ ಅನ್ನುತ್ತಾರೆ. ಮರದ ಹಲಗೆ ಹೊಡೆದ ಎರಡು ದೊಡ್ಡ ಉಗ್ರಾಣ, ಕಂಬದ ಮೇಲೆ ನಿಲ್ಲಿಸಿದ ಕಣಜ, ಕಮ್ಮಾರನ ಶೆಡ್ಡು, ಅಡುಗೆಮನೆ, ಇಟ್ಟಿಗೆಯ ಕೋಳಿಮನೆ, ಪುಟ್ಟ ಚರ್ಚು.

ಕಣಜದ ಹತ್ತಿರ ಅಪ್ಪ ಬಹಳ ಹೊತ್ತು ನಿಂತರು. ಇಲಿ ಹತ್ತದ ಹಾಗೆ ಇಡೀ ಕಟ್ಟಡವನ್ನು ನೆಲದಿಂದ ಎತ್ತಿ ಸಾಲು ಕಂಬಗಳ ಮೇಲೆ ಕೂರಿಸಿದ್ದಾರೆ. ಕೆಳಗೆ ಬಗ್ಗಿ ನೋಡಿದರೆ ತೊಲೆಗಳ ಮೈಮೇಲೆ ಗರಗಸದ ಗೆರೆ ಕಾಣುತ್ತದೆ. ಗೆರೆಗಳೆಲ್ಲ ಒಂದೇ ಸಮ ಇಲ್ಲ, ಒಂದು ಕಡೆ ಆಳ, ಒಂದು ಕಡೆ ತೇಲಿಕೆ. ಗುಂಡಿಯೊಳಗೆ ಒಬ್ಬ, ಮೇಲೆ ಒಬ್ಬ ನಿಂತು ಉದ್ದ ಗರಗಸ ಎಳೆದು ಸೀಳುತ್ತಿದ್ದ ಕಾಲದ ಮರ. ಕೆಳಗಿದ್ದವನ ಕಣ್ಣಿಗೆ ದಿನವಿಡೀ ಹೊಟ್ಟು ಉದುರುತ್ತಿತ್ತು. ಇಟ್ಟಿಗೆಗಳನ್ನೂ ಹತ್ತಿರದಿಂದ ನೋಡಿ. ಹಸಿಯಾಗಿದ್ದಾಗ ಎತ್ತಿಟ್ಟವರ ಬೆರಳಿನ ಗುರುತು ಕೆಲವದರಲ್ಲಿ ಹಾಗೇ ಕೂತಿದೆ. ನನ್ನ ಮಗಳು ತನ್ನ ಬೆರಳು ಇಟ್ಟು ನೋಡಿದಳು, ಒಂದು ಗುರುತು ಅವಳಿಗೂ ಚಿಕ್ಕದಾಯಿತು. ಮಕ್ಕಳನ್ನೂ ಹಡಗಿಗೆ ಹತ್ತಿಸುತ್ತಿದ್ದ ಕಾಲ ಅದು.

ಅಲ್ಲಿ ಗಮನಿಸಲೇಬೇಕಾದ ಇನ್ನೊಂದು ವಿಷಯ, ಇಲ್ಲದೇ ಇರುವ ಕಟ್ಟಡ. ಕೋಳಿಗಳಿಗೆ ಕಟ್ಟಿದ ಮನೆ ಇಟ್ಟಿಗೆಯದು, ಚೆಂದ ನಿಂತಿದೆ. ಕೈದಿಗಳು ಮಲಗುತ್ತಿದ್ದ ಕಟ್ಟಡದ ಗುರುತು ಮಾತ್ರ ನೆಲದೊಳಗೆ ಉಳಿದಿದೆ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಇದು ನಮ್ಮ ಕಡೆ ಜೀತ ಇತ್ತಲ್ಲ, ಹಾಗೇ ಅಲ್ವಾ?’ ಒಂದು ಮಟ್ಟಿಗೆ ಹೌದು. ಯಜಮಾನನ ಕೊಟ್ಟಿಗೆ, ಯಜಮಾನನ ಊಟ, ಸಂಬಳ ಇಲ್ಲ, ಬಿಟ್ಟು ಹೋಗುವ ಹಾಗಿಲ್ಲ. ಆದರೆ ಜೀತದಲ್ಲಿ ಸಾಲ ಅಪ್ಪನಿಂದ ಮಗನಿಗೆ ಇಳಿಯುತ್ತಿತ್ತು. ಇಲ್ಲಿ ಶಿಕ್ಷೆಗೆ ಒಂದು ಅವಧಿ ಇತ್ತು, ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲ ಜೀವಾವಧಿ. ನಡತೆ ಸರಿ ಇದ್ದರೆ ಮಧ್ಯದಲ್ಲೇ ಪರವಾನಗಿ ಚೀಟಿ ಸಿಕ್ಕಿ ಕೂಲಿಗೆ ದುಡಿಯಬಹುದಿತ್ತು. ಯಜಮಾನ ತಾನೇ ಚಾಟಿ ಬೀಸುವ ಹಾಗಿರಲಿಲ್ಲ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದರೆ ಮ್ಯಾಜಿಸ್ಟ್ರೇಟ್ ಯಾರು? ಬಹಳ ಸಲ ಪಕ್ಕದ ಎಸ್ಟೇಟಿನ ಯಜಮಾನನೇ. ಥಾಮಸ್ ಆರ್ಚರ್ ಕೂಡ ಮ್ಯಾಜಿಸ್ಟ್ರೇಟ್ ಆಗಿದ್ದ, ವಸಾಹತಿನ ಶಾಸನ ಸಭೆಯ ಸದಸ್ಯನೂ ಆಗಿದ್ದ. ಈ ಹಂಚಿಕೆ ಪದ್ಧತಿ 1840ರ ಹೊತ್ತಿಗೆ ನಿಂತಿತು. 1853ರಲ್ಲಿ ದ್ವೀಪಕ್ಕೆ ಕೈದಿಗಳನ್ನು ಕಳಿಸುವುದನ್ನೇ ನಿಲ್ಲಿಸಿದರು. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಜನ ಬಂದಿಳಿದಿದ್ದರು.

ಬ್ರಿಕೆಂಡನ್‌ನಲ್ಲಿ ಕುರಿ, ಮೇಕೆ, ಕೋಳಿಗಳಿಗೆ ಮೇವು ಹಾಕುವ ಅವಕಾಶ ಮಕ್ಕಳಿಗೆ ಇರುತ್ತದೆ, ಯಾವ ಹೊತ್ತಿಗೆ ಅಂತ ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ನೆಲ ಹುಲ್ಲು ಮತ್ತು ಜಲ್ಲಿ, ಮಳೆ ಬಂದರೆ ಕೆಸರು. ಮೊಣಕಾಲು ನೋವಿರುವ ಹಿರಿಯರನ್ನು ಕರೆದೊಯ್ಯುವವರು ಮಡಚುವ ಕುರ್ಚಿ ಒಂದು ಇಟ್ಟುಕೊಳ್ಳಿ. ಅಮ್ಮ ಅದರಲ್ಲಿ ಕೂತೇ ಅರ್ಧ ಬ್ರಿಕೆಂಡನ್ ನೋಡಿದರು, ಉಳಿದರ್ಧ ನಮ್ಮ ಫೋನಿನಲ್ಲಿ.

ಇಲ್ಲಿಂದ ವುಲ್ಮರ್ಸ್‌ಗೆ ಎರಡು ದಾರಿ. ಕಾರಿನಲ್ಲಿ ಹೋದರೆ ಹತ್ತು ನಿಮಿಷದೊಳಗೆ ಮುಟ್ಟುತ್ತೀರಿ. ಇನ್ನೊಂದು ಹೊಲದ ಮಧ್ಯದ ಕಾಲುದಾರಿ, ನದಿಗೆ ಕಟ್ಟಿರುವ ತೂಗುಸೇತುವೆಯ ಮೇಲೆ ಹಾದು ಹೋಗುತ್ತದೆ. ಸುಮಾರು ಮೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ. ಕಾಲಿಗೆ ಶಕ್ತಿ ಇದ್ದವರು ನಡೆಯಿರಿ. ಒಬ್ಬರು ಕಾರು ತಿರುಗಿಸಿಕೊಂಡು ಬಂದು ಆ ಕಡೆ ಕಾದರೆ ವಾಪಸ್ ನಡೆಯುವ ಕಷ್ಟವೂ ಇಲ್ಲ. ನದಿ ಉಕ್ಕಿದಾಗ ದಾರಿ ಮುಚ್ಚುತ್ತಾರೆ, ಹೊರಡುವ ಮೊದಲು ವಿಚಾರಿಸಿ. ಬೇಸಿಗೆಯಲ್ಲಿ ಹುಲ್ಲು ಎತ್ತರ ಬೆಳೆದಿದ್ದರೆ ಮುಚ್ಚಿದ ಬೂಟು ಹಾಕಿಕೊಳ್ಳಿ. ಟ್ಯಾಸ್ಮೇನಿಯಾದಲ್ಲಿ ಹಾವಿನ ಜಾತಿ ಮೂರೇ ಮೂರು, ಆದರೆ ಮೂರಕ್ಕೂ ವಿಷ ಇದೆ.

ವುಲ್ಮರ್ಸ್‌ನ ಕಥೆಯೇ ಬೇರೆ. 1817ರಿಂದ 1994ರ ತನಕ ಇಲ್ಲಿ ಆರು ತಲೆಮಾರು ಬಾಳಿತು, ಪ್ರತಿ ತಲೆಮಾರಿನಲ್ಲೂ ಒಬ್ಬ ಥಾಮಸ್ ಆರ್ಚರ್. ಗೈಡ್ ಒಂದನೇ ಥಾಮಸ್, ಮೂರನೇ ಥಾಮಸ್ ಅಂತ ರಾಜರ ಹಾಗೆ ಎಣಿಸುತ್ತಾ ಹೋಗುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಎರಡನೇ ಥಾಮಸ್ ಅಪ್ಪನಿಗಿಂತ ಮುಂಚೆಯೇ ತೀರಿಕೊಂಡ, ಹಾಗಾಗಿ 1850ರಲ್ಲಿ ಅಜ್ಜ ಸತ್ತಾಗ ಆಸ್ತಿ ಬಂದದ್ದು ಇನ್ನೂ ಹುಡುಗನಾಗಿದ್ದ ಮೊಮ್ಮಗನಿಗೆ. ಆರನೇ ಥಾಮಸ್‌ಗೆ ಮಕ್ಕಳಿರಲಿಲ್ಲ. ಆತ ಜನರ ಜೊತೆ ಹೆಚ್ಚು ಬೆರೆಯದೆ ಇಲ್ಲೇ ಬಾಳಿ, ಮನೆ, ಸಾಮಾನು ಎಲ್ಲವನ್ನೂ ಒಂದು ಪ್ರತಿಷ್ಠಾನಕ್ಕೆ ಬಿಟ್ಟುಹೋದರು.

ಸಾಮಾನು ಅಂದೆನಲ್ಲ, ವುಲ್ಮರ್ಸ್‌ನ ವಿಶೇಷವೇ ಅದು. ಬೇರೆ ಹಳೇ ಬಂಗಲೆಗಳಲ್ಲಿ ಆ ಕಾಲದ್ದು ಅಂತ ಎಲ್ಲಿಂದಲೋ ಕೊಂಡು ತಂದ ಕುರ್ಚಿ ಮೇಜು ಇಟ್ಟಿರುತ್ತಾರೆ. ಇಲ್ಲಿರುವುದು ಇದೇ ಮನೆಯವರು ಕೊಂಡದ್ದು, ಬಳಸಿದ್ದು, ಎಸೆಯದೆ ಇಟ್ಟದ್ದು. ಆರು ತಲೆಮಾರಿನಲ್ಲಿ ಯಾರೂ ಅಟ್ಟ ಖಾಲಿ ಮಾಡಿಸಲಿಲ್ಲ. ಊಟದ ಕೋಣೆ 1840ರ ದಶಕದಲ್ಲಿ ಹೇಗಿತ್ತೋ ಬಹುಪಾಲು ಹಾಗೇ ಇದೆ. ಟೂರ್‌ನಲ್ಲಿ ಎಲ್ಲರೂ ಬೆಳ್ಳಿ ತಟ್ಟೆಯ ಕಡೆ ನೋಡುತ್ತಾರೆ, ನೀವು ಒಂದು ಸಲ ಮನೆಯ ಹೊಂದಿಕೆಯ ಕಡೆಗೂ ನೋಡಿ. ಮುಂದಿನ ಭಾಗ ಇಟಲಿ ಶೈಲಿಯದು, 1840ರ ದಶಕದಲ್ಲಿ ಸೇರಿಸಿದ್ದು. ಹಿಂದಿನ ಭಾಗ ಅದಕ್ಕಿಂತ ಹಳೆಯದು, ತಗ್ಗು ಮಾಡಿನ ಹಲಗೆಯ ಮನೆ. ದುಡ್ಡು ಬಂದ ಮೇಲೆ ಹಳೆಯದನ್ನು ಒಡೆಯಲಿಲ್ಲ, ಅದರ ಮುಂದೆ ಹೊಸ ಮುಖ ಅಂಟಿಸಿದರು. ಪಕ್ಕಕ್ಕೆ ಬಂದು ನಿಂತರೆ ಎರಡೂ ಒಟ್ಟಿಗೆ ಕಾಣುತ್ತವೆ. ಕುಟುಂಬ ಬೆಳೆದ ವೇಗ ಅಲ್ಲಿ ಗೊತ್ತಾಗುತ್ತದೆ.

ಆ ಹೊಸ ಮುಖದ ನಕ್ಷೆ ಮಾಡಿದವನು ಒಂದನೇ ಥಾಮಸ್‌ನ ಇನ್ನೊಬ್ಬ ಮಗ ವಿಲಿಯಂ. ಈ ಮನೆತನದಲ್ಲಿ ನನಗೆ ಹೆಚ್ಚು ಹಿಡಿಸಿದವನು ಅವನೇ. ವಾಸ್ತುಶಿಲ್ಪ ಕಲಿತಿದ್ದ, ಆದರೆ ಮನಸ್ಸು ಗಿಡಗಳ ಮೇಲೆ. ಟ್ಯಾಸ್ಮೇನಿಯಾದ ಕಾಡು ಆರ್ಕಿಡ್‌ಗಳ ಚಿತ್ರ ಬರೆದು ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಹುಕರ್‌ಗೆ ಕೊಟ್ಟ. ಹುಕರ್ ಟ್ಯಾಸ್ಮೇನಿಯಾದ ಸಸ್ಯಗಳ ಮೇಲೆ ಬರೆದ ದೊಡ್ಡ ಗ್ರಂಥವನ್ನು ಇಬ್ಬರಿಗೆ ಅರ್ಪಿಸಿದ, ಅದರಲ್ಲಿ ಒಬ್ಬ ಈ ವಿಲಿಯಂ. ಬ್ರಿಕೆಂಡನ್‌ನ ವಿಲಿಯಂ ಬೇರೆ, ಅವನು ಇವನ ಚಿಕ್ಕಪ್ಪ ದೊಡ್ಡಪ್ಪನ ಸಾಲಿನವನು. ಹೆಸರಿಗೆ ಬರ ಬಂದಿದ್ದ ಮನೆತನ.

ಬಂಗಲೆಯೊಳಗೆ ಗೈಡ್ ಜೊತೆಯಲ್ಲೇ ಹೋಗಬೇಕು, ಅದಕ್ಕೆ ನಿಗದಿತ ಹೊತ್ತು ಇರುತ್ತದೆ. ಮೊದಲೇ ಬುಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ಟೂರ್‌ಗೆ ಕಾಯುತ್ತಾ ಹೊರಗೆ ನಿಲ್ಲಬೇಕಾಗುತ್ತದೆ. ಟಿಕೆಟ್ ದರ, ತೆರೆಯುವ ದಿನ ಎರಡೂ ಋತುವಿಗೆ ತಕ್ಕ ಹಾಗೆ ಬದಲಾಗುತ್ತವೆ, ಅದಕ್ಕೇ ಇಲ್ಲಿ ಬರೆದಿಲ್ಲ. ಚಳಿಗಾಲದಲ್ಲಿ ಹೋಗುವವರು ಹಿಂದಿನ ದಿನ ಫೋನ್ ಮಾಡಿ ಕೇಳುವುದು ವಾಸಿ. ಹೊರಗಿನ ಉಣ್ಣೆ ಶೆಡ್ಡು, ಕಮ್ಮಾರ ಶಾಲೆ, ಬ್ರೆಡ್ ಸುಡುವ ಮನೆ, ಸೇಬಿನ ಸೈಡರ್ ಮಾಡುತ್ತಿದ್ದ ಕೋಣೆ ಇವನ್ನೆಲ್ಲ ನಿಮ್ಮಷ್ಟಕ್ಕೆ ಸುತ್ತಬಹುದು. ಉಣ್ಣೆ ಶೆಡ್ಡನ್ನು ಬಿಡಬೇಡಿ. ಗುಲಾಬಿ ತೋಟ ಚೆನ್ನಾಗಿಯೇ ಇದೆ, ನವೆಂಬರ್‌ನಿಂದ ಏಪ್ರಿಲ್ ತನಕ ಹೂವಿರುತ್ತದೆ. ಅಮ್ಮನಿಗೆ ಇಡೀ ದಿನದಲ್ಲಿ ಇಷ್ಟವಾದದ್ದು ಅದೇ. ನನಗೆ ಅದರ ಬಗ್ಗೆ ಹೇಳಲು ಹೆಚ್ಚಿಲ್ಲ.

ಸುತ್ತಲೂ ಕಣ್ಣು ಹಾಯಿಸಿದಷ್ಟೂ ಕಾಣುವ ಜಮೀನೆಲ್ಲ ಈಗ ವುಲ್ಮರ್ಸ್‌ನದ್ದಲ್ಲ. ಎರಡನೇ ಮಹಾಯುದ್ಧದ ನಂತರ ವಾಪಸ್ ಬಂದ ಸೈನಿಕರಿಗೆ ಜಮೀನು ಕೊಡುವ ಯೋಜನೆಯಲ್ಲಿ ಅದರ ದೊಡ್ಡ ಭಾಗ ಹಂಚಿಹೋಯಿತು. ಬಂಗಲೆ ಉಳಿಯಿತು, ಎಸ್ಟೇಟು ಕರಗಿತು. ನದಿಯ ಆ ಕಡೆ ಬ್ರಿಕೆಂಡನ್‌ನಲ್ಲಿ ಇವತ್ತೂ ಟ್ರ್ಯಾಕ್ಟರ್ ಓಡುತ್ತಿರುವುದು ಇನ್ನೂ ಅದೇ ಮನೆತನದ್ದು. ಎರಡನ್ನೂ ಒಂದೇ ದಿನ ನೋಡಿ ಅನ್ನುವುದು ಇದಕ್ಕೇ.

ಇನ್ನೊಂದು ದಿನ ಇದ್ದರೆ ಎಲ್ಲಿಗೆ ಹೋಗಬಹುದು? ಇವಾನ್‌ಡೇಲ್ ಹತ್ತಿರ ಕ್ಲಾರೆಂಡನ್ ಇದೆ, 1838ರ ಹೊತ್ತಿಗೆ ಜೇಮ್ಸ್ ಕಾಕ್ಸ್ ಎಂಬ ಕುರಿ ಜಮೀನ್ದಾರ ಕಟ್ಟಿಸಿದ ಮೂರಂತಸ್ತಿನ ಮನೆ, ಈಗ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಗಾತ್ರದಲ್ಲಿ ವುಲ್ಮರ್ಸ್ ಅದರ ಮುಂದೆ ಸಣ್ಣದು. ಹ್ಯಾಡ್ಸ್‌ಪೆನ್ ಊರಿನ ಎಂಟಾಲಿ ನಮ್ಮವರಿಗೆ ಇನ್ನೊಂದು ಕಾರಣಕ್ಕೆ ಆಸಕ್ತಿ ಹುಟ್ಟಿಸಬಹುದು. ಹೆಸರು ಬಂದದ್ದು ಕಲ್ಕತ್ತದ ಎಂಟಾಲಿ ಬಡಾವಣೆಯಿಂದ. ಅದನ್ನು ಕಟ್ಟಿದ ಥಾಮಸ್ ರೀಬಿಯ ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಕೆಲಸ ಮಾಡಿದ್ದವನು. ಅಮ್ಮ ಮೇರಿ ರೀಬಿ ಹದಿಹರೆಯದಲ್ಲಿ ಕುದುರೆ ಕದ್ದ ಆರೋಪಕ್ಕೆ ಗಡೀಪಾರಾಗಿ ಬಂದು, ಸಿಡ್ನಿಯ ದೊಡ್ಡ ವ್ಯಾಪಾರಿಯಾದವಳು. ಆಸ್ಟ್ರೇಲಿಯಾದ 20 ಡಾಲರ್ ನೋಟಿನ ಮೇಲಿರುವ ಹೆಂಗಸು ಅವಳೇ. ಎಂಟಾಲಿ ಪ್ರವಾಸಿಗರಿಗೆ ತೆರೆದಿದೆಯೇ ಅಂತ ನೋಡಿಕೊಂಡೇ ಹೊರಡಿ.

ಹೋಬಾರ್ಟ್ ಕಡೆ ಹೋಗುವವರು ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ. ಕ್ಯಾಂಪ್‌ಬೆಲ್ ಟೌನ್‌ನ ಫುಟ್‌ಪಾತಿನಲ್ಲಿ ಒಂದೊಂದು ಇಟ್ಟಿಗೆಯ ಮೇಲೆ ಒಬ್ಬೊಬ್ಬ ಕೈದಿಯ ಹೆಸರು, ಮಾಡಿದ ತಪ್ಪು, ಬಂದ ಹಡಗು ಬರೆದಿದೆ. ಐಸ್‌ಕ್ರೀಂ ತಿನ್ನುತ್ತಾ ಓದುತ್ತಾ ನಡೆಯಬಹುದು. ಮಕ್ಕಳು ಕುರಿ ಕಳ್ಳರನ್ನು ಹುಡುಕುವ ಆಟ ಆಡುತ್ತಾರೆ, ಸಿಗುತ್ತಾರೆ ಕೂಡ. ಅಲ್ಲಿಂದ ಮುಂದೆ ರಾಸ್ ಊರಿನ ಸೇತುವೆ 1836ರದ್ದು. ಡೇನಿಯಲ್ ಹರ್ಬರ್ಟ್ ಎಂಬ ಕೈದಿ ಕಲ್ಲುಕುಟಿಗನ ಉಸ್ತುವಾರಿಯಲ್ಲಿ ಅದರ ಕಮಾನುಗಳಿಗೆ 186 ಕೆತ್ತನೆ ಮಾಡಿದ್ದಾರೆ. ಮೇಲೆ ನಿಂತರೆ ಒಂದೂ ಕಾಣುವುದಿಲ್ಲ, ದಂಡೆಗೆ ಇಳಿಯಬೇಕು. ಅದೇ ಊರಿನ ಉಣ್ಣೆ ಕೇಂದ್ರದಲ್ಲಿ ಕತ್ತರಿಸಿದ ಮೆರಿನೊ ಉಣ್ಣೆಯನ್ನು ಮುಟ್ಟಿ ನೋಡಲು ಇಟ್ಟಿದ್ದಾರೆ. ಕೈಗೆ ಜಿಡ್ಡು ಹತ್ತುತ್ತದೆ, ಒರೆಸಬೇಡಿ, ಕೈಗೆ ಹಚ್ಚುವ ಕ್ರೀಮಿನಲ್ಲಿರುವ ಲ್ಯಾನೊಲಿನ್ ಅದೇ.

ಲಾನ್ಸೆಸ್ಟನ್‌ನಲ್ಲಿ ಮಳೆ ಹಿಡಿದರೆ ಇನ್ವೆರೆಸ್ಕ್‌ನ ಕ್ವೀನ್ ವಿಕ್ಟೋರಿಯಾ ಮ್ಯೂಸಿಯಂಗೆ ಹೋಗಿ ಥೈಲಸೀನ್ ವಿಭಾಗ ನೋಡಿ. ಬೆನ್ನ ಮೇಲೆ ಪಟ್ಟೆಯಿದ್ದ, ನಾಯಿಯಂಥ ಪ್ರಾಣಿ, ಟ್ಯಾಸ್ಮೇನಿಯಾದ ಹುಲಿ ಅನ್ನುತ್ತಿದ್ದರು. ಕುರಿ ತಿನ್ನುತ್ತದೆ ಅಂತ ಜಮೀನ್ದಾರರು ದೂರಿದರು. 1888ರಿಂದ 1909ರ ತನಕ ಸರ್ಕಾರ ಬೆಳೆದ ಒಂದು ಪ್ರಾಣಿಯ ತಲೆಗೆ ಒಂದು ಪೌಂಡ್ ಬಹುಮಾನ ಕೊಟ್ಟಿತು, 2,184 ಬಹುಮಾನ ಹಂಚಿತು. ಗೊತ್ತಿರುವ ಮಟ್ಟಿಗೆ ಕೊನೆಯದು 1936ರ ಸೆಪ್ಟೆಂಬರ್ 7ರಂದು ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು. ಈ ಎಸ್ಟೇಟುಗಳ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಇನ್ನು ಕಾರು ಓಡಿಸುವ ವಿಷಯ. ಸಂಜೆ ಕತ್ತಲಾಗುವ ಮೊದಲು ತಂಗುವ ಜಾಗ ಸೇರಿಕೊಳ್ಳಿ. ಮಬ್ಬುಗತ್ತಲಾಗುತ್ತಿದ್ದ ಹಾಗೆ ವಾಲಬಿ, ಪೊಸಮ್, ವೊಂಬಾಟ್ ಎಂಬ ಕಾಡುಪ್ರಾಣಿಗಳು ರಸ್ತೆಗೆ ಬರುತ್ತವೆ. ವೊಂಬಾಟ್‌ಗೆ ಗುದ್ದಿದರೆ ಕಾರಿನ ಮುಂಭಾಗ ಹೋಯಿತು ಅಂತಲೇ. ಬಾಡಿಗೆ ಕಾರಿನ ವಿಮೆಯಲ್ಲಿ ರಾತ್ರಿ ಹೊತ್ತು ಪ್ರಾಣಿಗೆ ಗುದ್ದಿದ ಖರ್ಚು ಬರುತ್ತದೆಯೇ ಅಂತ ಸಹಿ ಹಾಕುವ ಮೊದಲು ಓದಿ, ಬಹಳಷ್ಟರಲ್ಲಿ ಬರುವುದಿಲ್ಲ. ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಬೆಳಿಗ್ಗೆ ಬಿಸಿಲು ಅಂತ ಹೊರಟರೆ ಮಧ್ಯಾಹ್ನಕ್ಕೆ ಗಾಳಿ, ಮಳೆ ಎರಡೂ ಬರಬಹುದು.

ಉಳಿಯಲು ಬ್ರಿಕೆಂಡನ್‌ನ ಒಳಗೇ ಹಳೇ ಕಾಟೇಜುಗಳಿವೆ. ಅಡುಗೆಗೆ ಒಲೆ ಸಿಗುವಂಥದ್ದನ್ನು ಕೇಳಿ ತೆಗೆದುಕೊಂಡರೆ ನಮ್ಮ ಊಟಕ್ಕೂ ಅನುಕೂಲ. ಅಲ್ಲಿ ಸಿಗದಿದ್ದರೆ ಇವಾನ್‌ಡೇಲ್ ನೋಡಿ, ವಿಮಾನ ನಿಲ್ದಾಣಕ್ಕೂ ಹತ್ತಿರ, ಭಾನುವಾರ ಬೆಳಿಗ್ಗೆ ಸಂತೆಯೂ ಇದೆ. ಆದರೆ ಫೆಬ್ರವರಿಯಲ್ಲಿ ಆ ಊರಿನಲ್ಲಿ ದೊಡ್ಡ ಚಕ್ರದ ಹಳೇ ಸೈಕಲ್ಲುಗಳ ರೇಸ್ ನಡೆಯುತ್ತದೆ. ಆ ವಾರ ಸುತ್ತಮುತ್ತ ರೂಮು ಸಿಗುವುದು ಕಷ್ಟ, ತಾರೀಕು ನೋಡಿಕೊಂಡು ಮೂರು ನಾಲ್ಕು ತಿಂಗಳು ಮುಂಚೆ ಬುಕ್ ಮಾಡಿ.